ಈಜು ಬಲ್ಲ ಧನ್ಯಶ್ರೀಗೆ ಉಸಿರು ಕಟ್ಟಿದ್ದು

ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆ. ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ಜಲಜ ಬಂಗುಡೆಯ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು. ಒಳ್ಳೆಯ ಮೀನು, ವ್ಯಾಪಾರವೂ ಜೋರಾಗಿತ್ತು. ಅಷ್ಟರಲ್ಲಿ ಚಂದ್ರಮತಿ ಟೀಚರ್ ಬಂದರು. ಹತ್ತು ವರ್ಷದಿಂದ ಜಲಜಳ ಹತ್ತಿರವೇ ಮೀನು ಕೊಳ್ಳುವವರು. ಆ ದಿನ ಅವರು ಮೀನು ಮುಟ್ಟಿ ನೋಡಲಿಲ್ಲ, ರೇಟೂ ಕೇಳಲಿಲ್ಲ.

"ಜಲಜಾ, ಮಗ್ಳ್ ಈಗ ಹ್ಯಾಂಗಿತ್ತ್?" ಅಂದರು.

"ಹುಷಾರಿತ್ತಲೆ ಟೀಚರೆ. ನಿನ್ನೆ ಬಂದದ್ದೇ ಮಂಡೆ ನೋವ್ ಅಂದ್ಹೇಳಿ ಮನಿಕಂತ್. ಎಂತಕ್ ಕೇಂಡ್ರಿ?"

ಟೀಚರ್ ಮುಖ ಸಣ್ಣದಾಯಿತು. "ಹಾಂಗಾರೆ ನಿಂಗ್ ಗೊತ್ತಿಲ್ಯಾ?" ಎಂದು ಮೊಬೈಲು ತೆಗೆದು ಜಲಜಳ ಮುಂದೆ ಹಿಡಿದರು. ಅದರಲ್ಲಿ ಒಂದು ವಿಡಿಯೋ ಓಡುತ್ತಿತ್ತು.

ಅದೊಂದು ಈಜುಕೊಳ. ಹುಡುಗಿಯರ ಪಂದ್ಯ ನಡೆಯುತ್ತಿದೆ. ಎಲ್ಲರೂ ಮುಂದೆ ಹೋಗಿಯಾಗಿದೆ. ನಡುನೀರಿನಲ್ಲಿ ಒಬ್ಬಳು ಮಾತ್ರ, ಸಾಲು ಬೇರೆ ಮಾಡಲು ಕಟ್ಟಿದ ಹಗ್ಗಕ್ಕೆ ಎರಡೂ ತೋಳು ಸುತ್ತಿಕೊಂಡು ನೇತಾಡುತ್ತಿದ್ದಾಳೆ. ಬಾಯಿ ತೆರೆದು ಗಾಳಿ ಎಳೆಯುತ್ತಿದ್ದಾಳೆ. ಮೈಯೆಲ್ಲ ಗಡಗಡ ನಡುಗುತ್ತಿದೆ. ಪಕ್ಕದಲ್ಲಿ ಯಾರೋ ನಗುತ್ತಿದ್ದಾರೆ. ವಿಡಿಯೋ ಮಾಡುತ್ತಿದ್ದವನ ದನಿ ಎಲ್ಲಕ್ಕಿಂತ ಜೋರಾಗಿ ಕೇಳುತ್ತಿದೆ.

"ಬಿಡೇ ಹಗ್ಗ! ಈಜ್! ಎಂತ ನಾಟ್ಕ ಮಾಡ್ತೆ? ಕಡ್ಲಿಗೆ ಹೋಪರ್ ಮಗ್ಳಿಗೆ ನೀರ್ ಕಂಡ್ರೆ ಹೆದ್ರಿಕ್ಯಾ? ಮರ್ಯಾದಿ ತೆಗಿಬೇಡ!"

ಹಗ್ಗ ಹಿಡಿದವಳು ಜಲಜಳ ಮಗಳು ಧನ್ಯಶ್ರೀ. ಬೈಯುತ್ತಿದ್ದವನು ಜಲಜಳ ಗಂಡ ಸುಧಾಕರ.

ಜಲಜಳ ಕೈಯಲ್ಲಿದ್ದ ಬಂಗುಡೆ ಜಾರಿ ನೆಲಕ್ಕೆ ಬಿತ್ತು. ಹತ್ತೊಂಬತ್ತು ವರ್ಷದಿಂದ ಕೇಳಿದ ದನಿ, ತಪ್ಪುವ ಹಾಗೇ ಇಲ್ಲ. ಭಾನುವಾರ ಸಂಜೆ ಪಂದ್ಯ ಮುಗಿಸಿ ಬಂದ ಗಂಡ ಅವಳಿಗೆ ಹೇಳಿದ್ದು ಎರಡೇ ಮಾತು. "ನಾಕ್ನೇದ್ ಬಂತ್. ಈ ಸರ್ತಿ ನಸೀಬಿಲ್ಲೆ." ಮಗಳು ಊಟವಿಲ್ಲದೆ ಮಲಗಿದ್ದಳು. ಸೋತ ಬೇಜಾರು ಎಂದುಕೊಂಡು ಜಲಜ ಸುಮ್ಮನಾಗಿದ್ದಳು.

"ಇದ್ ನಿಮ್ಗೆ ಯಾರ್ ಕಳ್ಸದ್ ಟೀಚರೆ?"

"ನಮ್ಮ ಮನಿ ಹುಡ್ಗರ್ ಗ್ರೂಪಿಗೆ ಬಂದಿತ್ತ್. ಬೈಂದೂರಲ್ಲಿ ನನ್ ತಂಗಿಗೂ ಬಂದಿತ್ತಂಬ್ರ್."

ಜಲಜ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಎದ್ದಳು. ನೇರ ಕಡಲತೀರದ ಕೋಡಿಯಲ್ಲಿದ್ದ ತನ್ನ ಮನೆಗೆ ಬಂದಳು.

ಧನ್ಯಶ್ರೀಗೆ ಹದಿನಾರು ವರ್ಷ. ಪಿಯುಸಿ ಮೊದಲ ವರ್ಷ. ಹೋದ ವರ್ಷ ರಾಜ್ಯಮಟ್ಟದ ಈಜಿನಲ್ಲಿ ಮೂರನೆಯವಳಾಗಿ ಬಂದಾಗ ಊರಿನವರು ದಾರಿಯಲ್ಲಿ ಬ್ಯಾನರು ಕಟ್ಟಿದ್ದರು. ಅಂದಿನಿಂದ ಅಂಗಡಿಗೆ ಹೋದರೂ ಬಸ್ಸು ಹತ್ತಿದರೂ ಒಂದೇ ಪ್ರಶ್ನೆ. ಮುಂದಿನದು ನ್ಯಾಷನಲ್ ಅಲ್ದಾ? ಬೋಟಿನ ತಾಂಡೇಲನಾದ, ಅಂದರೆ ಬೋಟು ನಡೆಸುವವನಾದ ಅಪ್ಪ, ಕಡಲಿನಿಂದ ಫೋನು ಮಾಡಿದರೂ ಕೇಳುವುದು ಅದನ್ನೇ. ಇವತ್ತು ಎಷ್ಟು ಸೆಕೆಂಡು?

ಆ ದಿನ ಅವಳು ಕಾಲೇಜಿಗೆ ಹೋಗಿರಲಿಲ್ಲ. ಒಳಕೋಣೆಯ ಬಾಗಿಲ ಹಿಂದೆ ನೆಲದ ಮೇಲೆ ಕೂತಿದ್ದಳು.

"ಅಮ್ಮ, ನೀನೂ ಕಂಡ್ಯಾ?" ಎಂದಳು.

ಜಲಜ ಮೀನು ವಾಸನೆಯ ಸೀರೆಯಲ್ಲೇ ಅವಳ ಪಕ್ಕ ಕೂತಳು. "ಎಂತಾಯ್ತ್ ಮಗಾ?"

"ಗೊತ್ತಿಲ್ಲೆ. ಅರ್ಧ ಹೋಪತಿಗೆ ಎದಿ ಡಬಡಬ ಹೊಡ್ಕಂಬುಕೆ ಶುರುವಾಯ್ತ್. ಉಸ್ರೇ ಬಂದಿಲ್ಲೆ. ಕೈ ಎಲ್ಲ ಜೋಮ್ ಹಿಡ್ದ್ ಹೋಯ್ತ್. ನಾ ಸತ್ತೆ ಅಂದ್ಹೇಳಿಯೇ ಕಂಡದ್."

"ಇದೇ ಮೊದ್ಲಾ?"

ಮಗಳು ಇಲ್ಲವೆಂದು ತಲೆ ಆಡಿಸಿದಳು. "ಹನ್ನೊಂದ್ ಸರ್ತಿ ಆಯ್ತಮ್ಮ."

ಹನ್ನೊಂದು ಸಲ! ಮಗಳು ಒಂದೊಂದಾಗಿ ಹೇಳಿದಳು. ಮೊದಲ ಸಲ ಆದದ್ದು ಬಸ್ಸಿನಲ್ಲಿ. ಬ್ರಹ್ಮಾವರದ ಕಡೆಯ ಈಜುಕೊಳಕ್ಕೆ ಅಭ್ಯಾಸಕ್ಕೆ ಹೋಗುವಾಗ, ಸಾಸ್ತಾನದ ಟೋಲ್ ಹತ್ತಿರ ಬಸ್ಸು ನಿಂತಾಗ. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಐದಾರು ಸಲ. ಒಮ್ಮೆ ಇದೇ ಮನೆಯ ಅಡುಗೆಮನೆಯಲ್ಲಿ. ಆಗ ಜಲಜ ಎರಡು ಮಾರು ದೂರದಲ್ಲಿ ಮೀನು ತೊಳೆಯುತ್ತಿದ್ದಳಂತೆ.

"ನಂಗೆ ಎಂತಕ್ ಹೇಳಿಲ್ಲೆ ಮಗಾ?"

"ಹೇಳಿದ್ನಲೆ ಅಮ್ಮ. ಎದಿ ಹಿಡ್ಕಂಡಂಗೆ ಆತ್ ಅಂದಿ. ನೀನ್ ಗ್ಯಾಸ್ ಅಂದೆ. ಜೀರ್ಗಿ ಕಷಾಯ ಮಾಡ್ಕೊಟ್ಟೆ."

ಹೌದು, ಹೇಳಿದ್ದಳು. ಕಷಾಯ ಮಾಡಿಕೊಟ್ಟದ್ದೂ ನೆನಪಾಯಿತು. ಎರಡು ಸಲ ಮಾಡಿಕೊಟ್ಟಿದ್ದಳು. ಲೋಟ ಖಾಲಿ ಮಾಡಿಸಿ, ಇನ್ನು ಸರಿಯಾಯಿತು ಎಂದುಕೊಂಡಿದ್ದಳು. ವಿಡಿಯೋ ಕಂಡಾಗ ಬಂದ ಸಿಟ್ಟೆಲ್ಲ ಈಗ ತನ್ನ ಮೇಲೆಯೇ ತಿರುಗಿತು.

ಅವಳು ಹಿತ್ತಲಿಗೆ ಹೋಗಿ ಬೇಲಿಯಾಚೆ ಕೂಗಿದಳು. "ಪುಷ್ಪಕ್ಕಾ, ಒಂಚೂರ್ ಬನಿ!"

ಪುಷ್ಪ ಆ ವಾರ್ಡಿನ ಆಶಾ ಕಾರ್ಯಕರ್ತೆ. ಜಲಜಳ ಜೊತೆ ಒಂದೇ ಸ್ವಸಹಾಯ ಸಂಘದಲ್ಲಿ ಇದ್ದವಳು. ಬಂದವಳು ಮೊದಲು ಧನ್ಯಶ್ರೀಯನ್ನೇ ಕೇಳಿದಳು. "ಮಗಾ, ಅಮ್ಮ ಇಲ್ಲೇ ಇರ್ಲಿಯಾ, ಹೊರ್ಗ್ ಕೂಕಣ್ಲಿಯಾ?"

"ಇರ್ಲಿ" ಎಂದಳು ಹುಡುಗಿ.

ಪುಷ್ಪ ಮಾತು ಕಡಿಮೆ ಆಡಿದಳು. ನಿದ್ದೆ ಬರುತ್ತದಾ, ಊಟ ಸೇರುತ್ತದಾ, ಗೆಳತಿಯರ ಜೊತೆ ಮಾತಾಡುತ್ತೀಯಾ ಎಂದು ಒಂದೊಂದಾಗಿ ಕೇಳಿದಳು. ಮೂರು ತಿಂಗಳಿಂದ ಸರಿಯಾದ ನಿದ್ದೆ ಇರಲಿಲ್ಲ. ಗೆಳತಿ ತೃಷಾ ಫೋನು ಮಾಡಿದರೂ ಎತ್ತುತ್ತಿರಲಿಲ್ಲ. ಎಲ್ಲ ಕೇಳಿಸಿಕೊಂಡ ಮೇಲೆ ಪುಷ್ಪ ಅದೇ ಮೆತ್ತನೆಯ ದನಿಯಲ್ಲಿ, "ಮಗಾ, ಜೀವ ಬ್ಯಾಡ ಅಂದ್ಹೇಳಿ ಯಾವಾಗ್ಲಾರೂ ಕಂಡಿತ್ತಾ?" ಎಂದಳು.

ಜಲಜ ಬೆಚ್ಚಿಬಿದ್ದಳು. "ಪುಷ್ಪಕ್ಕಾ! ಬಾಯಲ್ ಎಂತ ಮಾತ್ ಬತ್ತ್ ನಿಮ್ಗೆ? ಮಕ್ಳ್ ಮಂಡಿಗೆ ಹಾಂಗಿದ್ದೆಲ್ಲ ತುಂಬ್ಸುದಾ?"

"ಕೇಂಡ್ರೆ ತುಂಬ್ಸದಂಗ್ ಆತಿಲ್ಲೆ ಜಲಜಾ. ಕೇಣ್ದಿದ್ರೆ ಒಳ್ಗೇ ಉಳಿತ್. ಹೇಳ್ಲಿ, ಸುಮ್ನೆ ಕೂಕೋ."

ಧನ್ಯಶ್ರೀ ತನ್ನ ಕಾಲ ಬೆರಳುಗಳನ್ನೇ ನೋಡುತ್ತ ಹೇಳಿದಳು. "ಸಾಯ್ಕ್ ಅಂದ್ಹೇಳಿ ಇಲ್ಲೆ. ಆರೆ ನಾಳೆ ಬೆಳ್ಗಾಪ್ದೇ ಬ್ಯಾಡ ಅಂದ್ಹೇಳಿ ಕೆಲವು ಸರ್ತಿ ಕಾಣ್ತ್."

ತನ್ನ ಮಗಳ ಬಾಯಿಂದ ಇಂಥ ಮಾತು ಬರಬಹುದೆಂದು ಜಲಜ ಕನಸಿನಲ್ಲೂ ಎಣಿಸಿರಲಿಲ್ಲ. ಊಟಕ್ಕಿದೆ, ಬಟ್ಟೆಗಿದೆ, ಬ್ಯಾನರಿನಲ್ಲಿ ಫೋಟೋ ಇದೆ. ಇವಳಿಗೇಕೆ ಬೆಳಗಾಗುವುದು ಬೇಡ? ಅಳು ಉಕ್ಕಿ ಬಂತು. ಪುಷ್ಪ ಕಣ್ಸನ್ನೆಯಲ್ಲೇ ತಡೆದಳು.

"ಹೇಳಿದ್ ಒಳ್ಳೇದಾಯ್ತ್ ಮಗಾ. ಇದ್ ನಿನ್ ತಪ್ಪಲ್ಲ. ಇಂಥ ಮಾತ್ ಬಂದ್ಮೇಲೆ ನಾಳೆ ಕಾಂಬ ಅಂದ್ಹೇಳಿ ಬಿಡುಕಾಗ" ಎಂದು ಪುಷ್ಪ ಆಗಲೇ ತನ್ನ ಫೋನಿನಲ್ಲಿ 14416 ಒತ್ತಿದಳು. ಅದು ಟೆಲಿ ಮಾನಸ್ ಸಹಾಯವಾಣಿ. ಆಚೆ ಕಡೆ ಒಬ್ಬರು ಹೆಂಗಸು ಕನ್ನಡದಲ್ಲೇ ಮಾತಾಡಿದರು. ಧನ್ಯಶ್ರೀ ಮೊದಲು ಬರೀ ಹೂಂ, ಹೂಂ ಎಂದಳು. ಆಮೇಲೆ ಇಪ್ಪತ್ತೈದು ನಿಮಿಷ ಮಾತಾಡಿದಳು. ಮಗಳು ಇಷ್ಟು ಹೊತ್ತು ಯಾರ ಜೊತೆಗಾದರೂ ಮಾತಾಡಿದ್ದನ್ನು ಜಲಜ ಈಚೆಗೆ ಕಂಡೇ ಇರಲಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ವೈದ್ಯರನ್ನು ಕಾಣಬೇಕು, ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬೇಡಿ ಎಂದು ಅವರು ಜಲಜಳಿಗೂ ಹೇಳಿದರು.

ಸಂಜೆ ಐದಕ್ಕೆ ಸುಧಾಕರ ಗಂಗೊಳ್ಳಿ ಬಂದರಿನಿಂದ ಬಂದ. ಜಗಲಿಯಲ್ಲಿ ಪುಷ್ಪ ಕೂತಿದ್ದಳು. ವಿಷಯ ಕೇಳಿದ್ದೇ ಅವನಿಗೆ ರೇಗಿತು.

"ಮಂಡೆ ಡಾಕ್ಟ್ರ ಹತ್ರವಾ? ನನ್ ಮಗ್ಳಿಗೆ ಹುಚ್ಚ್ ಹಿಡ್ದಿಲ್ಲೆ! ಪ್ರಾಕ್ಟೀಸ್ ಮಾಡುಕೆ ಉದಾಸ್ನ, ಅಷ್ಟೇ. ನಾಳೆ ಊರಿಗೆ ಗೊತ್ತಾರೆ ಎಂತ ಹೇಳ್ತ್ರ್?"

"ಹುಚ್ಚ್ ಅಂದ್ಹೇಳಿ ಯಾರ್ ಹೇಳಿದ್ರ್ ಸುಧಾಕರಣ್ಣ? ಹೋದ್ ವರ್ಷ ಅದ್ಕೆ ಭುಜ ನೋವ್ ಬಂದಾಗ ಎಂತ ಮಾಡಿದ್ರಿ?"

"ಮೂಳಿ ಡಾಕ್ಟ್ರಿಗೆ ತೋರ್ಸ್ದೆ. ಮೂರ್ ವಾರ ನೀರಿಗೆ ಇಳ್ಸಿಲ್ಲೆ."

"ಆಗ ನಾಟ್ಕ ಅಂದ್ರಿಯಾ?"

"ಅದ್ ನೋವ್. ಎಕ್ಸ್‌ರೇಯಲ್ಲಿ ಕಾಣ್ತ್. ಇದ್ ಎಲ್ಲಿ ಕಾಣ್ತ್?"

"ಇದೂ ಕಾಣ್ತ್. ನಿಮ್ಮ ಫೋನಲ್ಲೇ ಇತ್ತ್. ತೆಗಿನಿ ಕಾಂಬ."

ಸುಧಾಕರ ಹೆಂಡತಿಯ ಮುಖ ನೋಡಿದ. ಈಗ ಜಲಜ ಕೇಳಿದಳು. "ಅದ್ನ ಎಲ್ಲರಿಗೂ ಕಳ್ಸದ್ ನೀವೇಯಾ?"

"ಎಲ್ಲರಿಗೂ ಅಲ್ಲ ಮಾರಾಯ್ತಿ. ಗೆದ್ದ್ರೆ ಬೋಟಿನರಿಗೆ ತೋರ್ಸುಕೆ ಅಂದ್ಹೇಳಿ ತೆಗಿತಿದ್ದಿ. ಸಿಟ್ಟ್ ಬಂತ್. ಒಂಚೂರ್ ಬುದ್ಧಿ ಬರ್ಲಿ ಅಂದ್ಹೇಳಿ ಬೋಟಿನ ಗ್ರೂಪಿಗೆ ಹಾಕ್ದಿ. ಊರೆಲ್ಲ ಹೋತ್ ಅಂದ್ಹೇಳಿ ನಂಗೆಂತ ಗೊತ್ತ್?"

ಹೆತ್ತ ಅಪ್ಪನೇ ಹಾಕಿದ್ದು! ಯಾರೋ ಕಿಡಿಗೇಡಿಗಳು ಅವನ ಫೋನಿನಿಂದ ಕದ್ದಿರಬಹುದು ಎಂದು ಜಲಜ ಅಲ್ಲಿಯವರೆಗೂ ಮನಸ್ಸಿನಲ್ಲೇ ಒಂದು ನೆಪ ಹುಡುಕಿಟ್ಟಿದ್ದಳು. ಅದೂ ಹೋಯಿತು.

ಪುಷ್ಪ ಜಗಳಕ್ಕೆ ಬಿಡಲಿಲ್ಲ. "ಸದ್ದ್ ಬಂದ್ ಮಾಡಿ ಕಾಣಿ ಸುಧಾಕರಣ್ಣ. ನಿಮ್ಮ ಮಾತ್ ಕೇಂಬುದ್ ಬ್ಯಾಡ. ಅದ್ರ ಮುಖ ಮಾತ್ರ ಕಾಣಿ."

ಅವನು ಒಲ್ಲದ ಮನಸ್ಸಿನಿಂದ ಒತ್ತಿದ. ಮೂವರೂ ಬಗ್ಗಿ ನೋಡಿದರು. ಸದ್ದಿಲ್ಲದ ವಿಡಿಯೋ ಬೇರೆಯೇ ಆಗಿತ್ತು. ಹುಡುಗಿಯ ತುಟಿ ಬಿಳಚಿಕೊಂಡಿತ್ತು. ಎದೆ ಒಂದೇ ಸಮನೆ ಏರಿಳಿಯುತ್ತಿತ್ತು. ಅವಳು ಆಚೀಚೆ ನೋಡುತ್ತಿರಲಿಲ್ಲ. ನೇರ ಫೋನಿನ ಕಡೆಗೇ, ಫೋನು ಹಿಡಿದವನ ಕಡೆಗೇ ನೋಡುತ್ತಿದ್ದಳು. ಅವಳ ಬಾಯಿ ಏನೋ ಹೇಳುತ್ತಿತ್ತು. ಮತ್ತೆ ಮತ್ತೆ ಒಂದೇ ಮಾತು.

"ಎಂತ ಹೇಳ್ತಿತ್ತ್ ಅದ್?" ಎಂದಳು ಪುಷ್ಪ.

ಸುಧಾಕರ ಇನ್ನೊಮ್ಮೆ ಹಾಕಿದ. ಮೂರನೆಯ ಸಲವೂ ಹಾಕಿದ. ಆಮೇಲೆ ಫೋನು ಮಡಿಲಿಗೆ ಬಿತ್ತು.

"ಅಪ್ಪಯ್ಯ ಅಂತಿತ್ತ್" ಎಂದ. "ನನ್ನ ಕರಿತಿತ್ತ್. ನಂಗೆ ಕೇಂಡಿಲ್ಲೆ. ನಾನ್ ಬೊಬ್ಬೆ ಹೊಡಿತಿದ್ದಿ."

ಬಿರುಗಾಳಿಯಲ್ಲೂ ಬೋಟು ತಿರುಗಿಸಿ ತಂದವನು ಜಗಲಿಯ ಕಂಬಕ್ಕೆ ಒರಗಿ ಅತ್ತ. ಮದುವೆಯಾದ ಮೇಲೆ ಅವನು ಅತ್ತದ್ದನ್ನು ಜಲಜ ಕಂಡದ್ದು ಅದೇ ಮೊದಲು. ಒಳಗಿನಿಂದ ಧನ್ಯಶ್ರೀ ಬಂದು ಬಾಗಿಲಲ್ಲಿ ನಿಂತಳು. ಅವನು ಎದ್ದು ಹೋಗಿ, ಏನು ಹೇಳಬೇಕೋ ತಿಳಿಯದೆ, ಅವಳ ತಲೆಯ ಮೇಲೆ ಕೈಯಿಟ್ಟು ನಿಂತ.

"ನಾಳೆ ನಾನೂ ಬತ್ತೆ ಆಸ್ಪತ್ರಿಗೆ" ಎಂದ.

ಆಸ್ಪತ್ರೆಯಲ್ಲಿ ಮೊದಲು ಎದೆಯ ಇಸಿಜಿ ತೆಗೆದರು, ರಕ್ತ ಪರೀಕ್ಷೆ ಮಾಡಿದರು. ಹೃದಯಕ್ಕೆ ತೊಂದರೆ ಇರಲಿಲ್ಲ. ಆಮೇಲೆ ಮಾನಸಿಕ ಆರೋಗ್ಯದ ವೈದ್ಯೆ ಅರ್ಧ ಗಂಟೆ ಧನ್ಯಶ್ರೀಯನ್ನು ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿ, ನಂತರ ಅಪ್ಪ ಅಮ್ಮನನ್ನು ಕರೆದರು.

"ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ. ಹಾವು ತುಳಿದರೆ ನಮಗೆ ಹೇಗೆ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಜೋರಾಗುತ್ತದೆ? ಇವಳಿಗೆ ಎದುರಿಗೆ ಏನೂ ಇಲ್ಲದಾಗಲೂ ದೇಹ ಹಾಗೆ ಹೆದರುತ್ತಿದೆ. ನಾಟಕ ಅಲ್ಲ, ಹುಚ್ಚೂ ಅಲ್ಲ. ಗೆಲ್ಲಲೇಬೇಕು ಅನ್ನುವ ಒತ್ತಡ, ನಿದ್ದೆಗೇಡು, ಎಲ್ಲ ಸೇರಿಕೊಂಡಿದೆ. ಚಿಕಿತ್ಸೆ ಇದೆ, ಕಡಿಮೆಯಾಗುತ್ತದೆ. ಮಾತಿನ ಚಿಕಿತ್ಸೆ ಮೊದಲು. ಔಷಧಿ ಬೇಕಾದರೆ ಆಮೇಲೆ ನೋಡೋಣ."

"ನೀರಲ್ಲಿ ಇಪ್ಪತಿಗೆ ಹೀಂಗಾರೆ ಎಂತ ಮಾಡ್ಕ್ ಮೇಡಂ?" ಎಂದು ಕೇಳಿದ ಸುಧಾಕರ.

"ಈಜುವುದನ್ನು ನಿಲ್ಲಿಸಿ, ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಸಹಾಯಕ್ಕೆ ಕರೆಯಬೇಕು. ನಿಮ್ಮ ಮಗಳು ಸರಿಯಾಗಿಯೇ ಮಾಡಿದ್ದಾಳೆ. ಆ ಹೊತ್ತಿನಲ್ಲಿ ಅವಳು ಹಗ್ಗ ಬಿಟ್ಟಿದ್ದರೆ ಮುಳುಗುವ ಅಪಾಯ ಇತ್ತು."

ಸುಧಾಕರನ ಮುಖದಲ್ಲಿ ರಕ್ತವೇ ಇಳಿದುಹೋಯಿತು. ಹಗ್ಗ ಬಿಡು, ಹಗ್ಗ ಬಿಡು ಎಂದು ಬೊಬ್ಬೆ ಹೊಡೆದವನು ಅವನೇ. ಅಪ್ಪನ ಮಾತು ಕೇಳುವ ಹುಡುಗಿ ಅವಳು. ಆ ಒಂದು ಸಲ ಕೇಳದೆ ಇದ್ದದ್ದು ಪುಣ್ಯ. ಜಲಜ ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು.

ಕೆಲವು ವಾರ ಪಂದ್ಯ ಬಿಡಿಸಬೇಕು ಎಂದಾಗ ತರಬೇತುದಾರ ಯತೀಶ್ ಸರ್ ಮೊದಲು ಒಪ್ಪಲಿಲ್ಲ. "ಮುಂದಿನ ತಿಂಗಳು ರಾಜ್ಯಮಟ್ಟ ಇದೆಯಲ್ಲ!" ಎಂದರು. ವೈದ್ಯೆಯ ಚೀಟಿ ಕಂಡ ಮೇಲೆ ಅವರಿಗೊಂದು ಯೋಚನೆ ಬಂತು. ತಮ್ಮ ಬಳಿ ಈಜು ಕಲಿಯುವ ಹನ್ನೆರಡು ಮಕ್ಕಳಿಗೂ ಹೆಸರು ಬರೆಯದ ಚೀಟಿ ಕೊಟ್ಟು, ಪಂದ್ಯದ ಮೊದಲು ನಿಮಗೆ ಹೇಗಾಗುತ್ತದೆ, ನಿಜ ಬರೆಯಿರಿ ಎಂದರು. ಏಳು ಮಂದಿ ಬಾತ್‌ರೂಮಿನಲ್ಲಿ ಅತ್ತದ್ದನ್ನು ಬರೆದಿದ್ದರು. ಒಂದು ಚೀಟಿಯಲ್ಲಿ, "ಕಾಲು ಮುರಿದರೆ ಒಳ್ಳೆಯದಿತ್ತು, ಪಂದ್ಯಕ್ಕೆ ಹೋಗುವುದು ತಪ್ಪುತ್ತಿತ್ತು" ಎಂದಿತ್ತು. ಆ ಚೀಟಿ ಹಿಡಿದುಕೊಂಡೇ ಅವರು ಕೋಡಿಗೆ ಬಂದು ಜಗಲಿಯಲ್ಲಿ ಕೂತರು. "ಹದಿನೈದು ವರ್ಷ ಸೆಕೆಂಡು ನೋಡಿದೆ ಜಲಜಕ್ಕ. ಮಕ್ಕಳ ಮುಖ ನೋಡ್ಲಿಲ್ಲ" ಎಂದರು. ಆ ವಾರವೇ ಎಲ್ಲ ಮಕ್ಕಳ ಮನೆಯವರನ್ನೂ ಕರೆಸಿ ಪುಷ್ಪಳಿಂದ ಮಾತಾಡಿಸಿದರು.

ಧನ್ಯಶ್ರೀ ರಾಜ್ಯಮಟ್ಟಕ್ಕೆ ಹೋಗಲಿಲ್ಲ. ಆರು ವಾರ ಆಸ್ಪತ್ರೆಗೆ ಹೋಗಿ ಬಂದಳು. ಉಸಿರನ್ನು ನಿಧಾನವಾಗಿ ಹೊರಗೆ ಬಿಡುವುದನ್ನು ಕಲಿತಳು. ಆಮೇಲೆ ವಾರಕ್ಕೆ ಮೂರು ದಿನ, ಅರ್ಧರ್ಧ ಗಂಟೆ, ಗಡಿಯಾರ ಹಿಡಿಯದೆ ಈಜಿದಳು. ಪೂರ್ತಿ ಗುಣವಾಯಿತು ಎಂದು ಹೇಳಿದರೆ ಸುಳ್ಳಾದೀತು. ಹೋದ ತಿಂಗಳು ಮತ್ತೊಮ್ಮೆ ಎದೆ ಹೊಡೆದುಕೊಂಡಿತು. ಈ ಸಲ ಅವಳು ದಡಕ್ಕೆ ಬಂದು, ಮೇಲೆ ಹತ್ತಿ, "ಸರ್, ಈಗ ಆಗ್ತಾ ಇದೆ" ಎಂದು ಹೇಳಿದಳು. ಯತೀಶ್ ಸರ್ ಟವೆಲು ಹೊದೆಸಿ ಪಕ್ಕದಲ್ಲಿ ಕೂತರು. ಹತ್ತು ನಿಮಿಷದಲ್ಲಿ ಇಳಿಯಿತು. ತೃಷಾ ಜೊತೆ ನಗುತ್ತಲೇ ಬಸ್ಸು ಹತ್ತಿ ಮನೆಗೆ ಬಂದಳು.

ಸುಧಾಕರ ಒಂದು ಕೆಲಸ ಬಾಕಿ ಉಳಿಸಿಕೊಂಡಿದ್ದ. ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ, ಮಗಳನ್ನು ಕೇಳಿ, ಬೋಟಿನ ಗ್ರೂಪಿಗೆ ತನ್ನ ದನಿಯಲ್ಲೇ ಮಾತು ಕಳಿಸಿದ. "ಹ್ವಾಯ್, ಎಲ್ಲರೂ ಕೇಣಿ. ನನ್ ಮಗ್ಳ್ ವಿಡಿಯೋ ಹಾಕದ್ ನಾನ್. ಅದ್ ನಾಟ್ಕ ಅಲ್ಲ, ಅದ್ಕೆ ಹುಷಾರಿರ್ಲಿಲ್ಲ. ತಪ್ಪ್ ನಂದ್. ಯಾರ್ ಫೋನಲ್ ಇದ್ರೂ ಅಳ್ಸಿ ಬಿಡಿ. ನಾವ್ ಆಸ್ಪತ್ರಿಗೆ ತೋರ್ಸತಿತ್ತ್. ಒಳ್ಳೇದಾತಿತ್ತ್."

ಯಾರಾದರೂ ತಮಾಷೆ ಮಾಡುತ್ತಾರೆ ಎಂದು ಜಲಜ ಹೆದರಿ ಕೂತಿದ್ದಳು. ಗ್ರೂಪಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಕಾಲು ಗಂಟೆಯ ಮೇಲೆ ಸುಧಾಕರನ ಫೋನು ರಿಂಗಾಯಿತು. ಗುಡ್ಡನ ಫೋನು. ಗುಡ್ಡ ಅಂದರೆ ಬೋಟಿನಲ್ಲೇ ಗಟ್ಟಿ ಆಳು. ಬಲೆ ಬೋಟಿನಡಿ ನೀರಿನಲ್ಲಿ ತಿರುಗುವ ಫ್ಯಾನಿಗೆ ಸಿಕ್ಕಿಕೊಂಡರೆ ನಡುಕಡಲಿನಲ್ಲಿ ಕತ್ತಿ ಹಿಡಿದು ಹಾರುವವನು. ನಲವತ್ತು ದಾಟಿದವನು, ಹೆದರಿಕೆ ಎಂಬ ಮಾತೇ ಅವನ ಬಾಯಲ್ಲಿ ಯಾರೂ ಕೇಳಿದವರಿಲ್ಲ. ಫೋನಿನ ಸದ್ದು ದೊಡ್ಡದಿದ್ದ ಕಾರಣ ಜಲಜಳಿಗೂ ಕೇಳಿಸಿತು.

"ಸುಧಾಕರಣ್ಣ, ಹತ್ರ ಯಾರಾರೂ ಇದ್ರಾ? ಆ ಡಾಕ್ಟ್ರ್ ಯಾವ್ ದಿನ ಬತ್ರ್? ಎರಡ್ ವರ್ಷ ಆಯ್ತ್ ಮಾರಾಯ್ರೆ. ಬೋಟ್ ಹತ್ತುಕೆ ಹೋಪತಿಗೆ ನಂಗೂ ಹಾಂಗೇ ಆತ್."

ಜಲಜ ಗಂಡನ ಮುಖ ನೋಡಿದಳು. ಸುಧಾಕರ ಎದ್ದು ನಿಂತಿದ್ದ. "ದಿನ ಎಂತಕ್ ಕೇಂತೆ ಗುಡ್ಡ, ನಾನೇ ಕರ್ಕಂಡ್ ಹೋತೆ" ಎಂದ.

ಈ ಕಥೆ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಈಜುವ, ಓಡುವ, ಕಬಡ್ಡಿ, ವಾಲಿಬಾಲ್ ಆಡುವ ಮಕ್ಕಳಿರಬಹುದು. ಮಗು ಎದೆ ಹಿಡಿದುಕೊಳ್ಳುತ್ತದೆ ಎಂದರೆ, ನಿದ್ದೆ ಬಿಟ್ಟರೆ, ಊಟ ಬಿಟ್ಟರೆ, ಗೆಳೆಯರನ್ನು ಬಿಟ್ಟು ಮೂಲೆ ಸೇರಿದರೆ, ಇಷ್ಟದ ಆಟಕ್ಕೆ ಹೋಗಲು ದಿನಾ ನೆಪ ಹೇಳಿದರೆ, ಅದನ್ನು ಸೋಮಾರಿತನ ಎಂದು ತಳ್ಳಿಹಾಕಬೇಡಿ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬದುಕು ಬೇಡ ಎಂಬ ಮಾತು ಬಂದರಂತೂ ಒಂದು ಗಳಿಗೆಯೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ಸಂಖ್ಯೆ 14416. ಹಗಲೂ ರಾತ್ರಿಯೂ ಇರುತ್ತದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಈಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಯಾರದೋ ಮಗು ಕಷ್ಟದಲ್ಲಿರುವ ವಿಡಿಯೋ ನಿಮಗೆ ಬಂದರೆ, ಅದು ನಿಮ್ಮ ಫೋನಿನಲ್ಲೇ ನಿಲ್ಲಲಿ.

ಇವತ್ತು ಸಂಜೆ ಮಗು ಆಟ ಮುಗಿಸಿ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು, "ನಿಂಗೆ ಹ್ಯಾಂಗ್ ಆತಿತ್ತ್ ಮಗಾ?" ಎಂದು ಕೇಳಿ. ಅದು ಹೇಳಿ ಮುಗಿಸುವವರೆಗೆ ನಡುವೆ ಮಾತಾಡಬೇಡಿ.